ಮಹಾವೀರಾಚಾರ್ಯನ ಹನ್ನೆರಡು ಹೊನ್ನು

ಗಣಿತ ಹೇಳಿಕೊಡುವವನಿಗೆ ಕೆಲಸದಿಂದ ನಿವೃತ್ತಿ ದೊರೆಯಬಹುದು, ಲೆಕ್ಕದಿಂದ ದೊರೆಯುವುದಿಲ್ಲ. ಮಳವಳ್ಳಿಯಲ್ಲಿ ಬಹುಕಾಲ ಪ್ರೌಢಶಾಲೆಯ ಉಪಾಧ್ಯಾಯನಾಗಿದ್ದು ಈಗ ಮಂಡ್ಯದಲ್ಲಿ ನೆಲಸಿರುವ ನನ್ನಲ್ಲಿಗೆ ಹಳೆಯ ಶಿಷ್ಯರು ಆಗಾಗ ಬರುವುದುಂಟು. ಮಗನಿಗೆ ಪಾಠ ಹೇಳಬೇಕೆಂದು ಒಬ್ಬ, ಹೊಲದ ಅಳತೆಯಲ್ಲಿ ತಕರಾರಿದೆ ಎಂದು ಇನ್ನೊಬ್ಬ. ಕಳೆದ ಸಲ ಕಬ್ಬಿನ ಕಟಾವು ಮುಗಿದ ಮೇಲೆ ಬಂದ ಒಬ್ಬನು ಮಾತ್ರ, ಹಿಂದೆ ಯಾರೂ ತಾರದ ಲೆಕ್ಕವೊಂದನ್ನು ತಂದನು. ಅವನ ತಂದೆ ಮದ್ದೂರಿನ ಕಡೆಯ ರೈತ. ಎರಡು ಎಕರೆ ಕಬ್ಬು ಬೆಳೆದು, ಆಲೆಮನೆಯಲ್ಲಿ ಬೆಲ್ಲ ಕಾಯಿಸಿ, ಮಾರಿ ಬಂದ ಹಣವನ್ನು ನಂಬಿಕೆಯಿಂದ ಮಗನ ವಶಕ್ಕೆ ಕೊಟ್ಟಿದ್ದನು. ಮಗನು ಅದನ್ನೆಲ್ಲ ಕ್ರಿಕೆಟ್ ಪಂದ್ಯಗಳ ಮೇಲೆ ಬಾಜಿ ಕಟ್ಟಿ ಕಳೆದುಕೊಂಡಿದ್ದನು. ತಂದೆಗೆ ಇನ್ನೂ ತಿಳಿಸಿರಲಿಲ್ಲ. ನನ್ನಲ್ಲಿಗೆ ಅವನು ಬಂದದ್ದು ಪಶ್ಚಾತ್ತಾಪವನ್ನು ತೋಡಿಕೊಳ್ಳುವುದಕ್ಕಲ್ಲ. ಬಾಜಿಯ ದರಗಳ ಹಿಂದೆ ಇರುವ ಗಣಿತವನ್ನು ನಾನು ಕಲಿಸಿಕೊಟ್ಟರೆ, ಹೋದದ್ದನ್ನು ಮರಳಿ ಗೆಲ್ಲಬಹುದೆಂಬ ಆಸೆಯಿಂದ.

ಉಪದೇಶದ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಬೀರುವಿನಿಂದ ಒಂದು ಪುಸ್ತಕವನ್ನು ತೆಗೆದೆನು. ಅದು ಗಣಿತಸಾರಸಂಗ್ರಹ, ಒಂಬತ್ತನೆಯ ಶತಮಾನದಲ್ಲಿ ನಮ್ಮ ನಾಡಿನ ಮಹಾವೀರಾಚಾರ್ಯನು ಸಂಸ್ಕೃತ ಪದ್ಯದಲ್ಲಿ ರಚಿಸಿದ ಗ್ರಂಥ. ಬಾಜಿಯ ದರದ ಮರ್ಮವನ್ನು ಇಷ್ಟು ಚಿಕ್ಕ ಕಥೆಯಲ್ಲಿ ಬಿಡಿಸಿ ತೋರಿದ ಬರಹವನ್ನು ನಾನು ಬೇರೆ ಕಂಡಿಲ್ಲ.

ಈ ಆಚಾರ್ಯನ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವುದು ಅವನ ಮೌನ. ತಾನು ಹುಟ್ಟಿದ ಊರನ್ನು ಅವನು ಹೇಳಲಿಲ್ಲ. ತಾಯಿತಂದೆಗಳ ಹೆಸರನ್ನು ಹೇಳಲಿಲ್ಲ. ನಮ್ಮ ಕವಿಗಳು ವಂಶವನ್ನೂ ಅಗ್ರಹಾರವನ್ನೂ ಪೋಷಕನಿತ್ತ ಬಿರುದುಗಳನ್ನೂ ಪುಟಗಟ್ಟಲೆ ಹಾಡಿಕೊಂಡಿರುವುದನ್ನು ನೆನೆದರೆ, ಈತನ ಸಂಕೋಚ ಸೋಜಿಗವನ್ನು ಹುಟ್ಟಿಸುತ್ತದೆ. ಗ್ರಂಥದ ಮೊದಲಲ್ಲಿ ಅವನು ತನ್ನ ಹೆಸರಿನವನೇ ಆದ ತೀರ್ಥಂಕರನಿಗೆ ವಂದಿಸುತ್ತಾನೆ, ಬಳಿಕ ಒಬ್ಬ ಅರಸನ ರಾಜ್ಯ ಬೆಳೆಯಲೆಂದು ಹಾರೈಸುತ್ತಾನೆ. ಆ ಅರಸನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಆಚಾರ್ಯನ ಕಾಲವನ್ನು ನಾವು ಗೊತ್ತುಮಾಡುವುದು ಆ ಹಾರೈಕೆಯಿಂದಲೇ.

ನೃಪತುಂಗನು ೮೧೪ರ ಸುಮಾರಿನಲ್ಲಿ ಇನ್ನೂ ಬಾಲಕನಾಗಿದ್ದಾಗಲೇ ಪಟ್ಟಕ್ಕೆ ಬಂದು, ಅರುವತ್ತಕ್ಕೂ ಹೆಚ್ಚು ವರ್ಷ ಆಳಿದನು. ಅವನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಜಿನಸೇನಾಚಾರ್ಯನು ಅವನಿಗೆ ಗುರುವೆನಿಸಿದ್ದನು. ವೈಯಾಕರಣ ಶಾಕಟಾಯನನು ತನ್ನ ವೃತ್ತಿಗೆ ಅರಸನ ಹೆಸರನ್ನೇ ಇಟ್ಟನು. ಕನ್ನಡದಲ್ಲಿ ನಮಗೆ ದೊರೆತಿರುವ ಮೊತ್ತಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದೂ ಆ ಕಾಲದಲ್ಲಿಯೇ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಆ ಗ್ರಂಥ ಗಡಿ ಹಾಕಿತಷ್ಟೆ. ಕಾವೇರಿ ಶಿವನಸಮುದ್ರದಲ್ಲಿ ಧುಮುಕುವ ನಮ್ಮ ಮಳವಳ್ಳಿಯ ಸೀಮೆ ಆ ಗಡಿಯ ಮೇಲೆಯೇ ನಿಂತಿದೆ. ಆಗ ಈ ಕಡೆ ಆಳುತ್ತಿದ್ದವರು ತಲಕಾಡಿನ ಗಂಗರು. ಅವರಿಗೂ ರಾಷ್ಟ್ರಕೂಟರಿಗೂ ಎರಡು ತಲೆಮಾರು ಯುದ್ಧ ನಡೆದು, ಕೊನೆಗೆ ನೃಪತುಂಗನು ತನ್ನ ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಧಾರೆಯೆರೆದುಕೊಟ್ಟು ನೆಂಟಸ್ತಿಕೆ ಬೆಳಸಿದನು. ಆ ನೆಂಟಸ್ತಿಕೆಯ ಗುರುತು ಒಂದು ಶತಮಾನದ ಮೇಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕಲ್ಲಾಗಿ ನಿಂತಿತು. ಕ್ರಿ. ಶ. ೯೪೯-೫೦ರ ಆ ಶಾಸನ ಮುಮ್ಮಡಿ ಕೃಷ್ಣನ ತಕ್ಕೋಲದ ಗೆಲವನ್ನು ಹೇಳುತ್ತ, ಮಣಲೆರನೆಂಬ ವೀರನು ಇಮ್ಮಡಿ ಬೂತುಗನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿದುದನ್ನೂ ಎರಡೂ ಸತ್ತುದನ್ನೂ ಹೇಳುತ್ತದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರಾಣಿಗಳ ಕಾಳಗವನ್ನು ಕಂಡು ಉಬ್ಬುವ, ಅವುಗಳಿಗಾಗಿ ಕಣ್ಣೀರಿಡುವ ಆ ಜನದ ನಡುವೆಯೇ ನಮ್ಮ ಆಚಾರ್ಯನೂ ಬಾಳಿದ್ದನು. ಅವನ ಲೆಕ್ಕದೊಳಗೆ ಕೋಳಿಯ ಕಾಳಗ ಹೊಕ್ಕುದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧ್ಯಾಯಗಳಿವೆ; ಸಾವಿರಕ್ಕೆ ಮಿಕ್ಕಿದ ಪದ್ಯಗಳಿವೆ. ಖಗೋಳಶಾಸ್ತ್ರದ ಬಾಲವಾಗಿ ಬರುತ್ತಿದ್ದ ಗಣಿತವನ್ನು ಬಿಡಿಸಿ, ಗಣಿತಕ್ಕಾಗಿಯೇ ಬರೆದ ಇಷ್ಟು ದೊಡ್ಡ ಗ್ರಂಥ ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ಅಪರೂಪ. ಅಡುಗೆಯಲ್ಲಿ, ವೈದ್ಯದಲ್ಲಿ, ಸಂಗೀತದಲ್ಲಿ, ಮನೆ ಕಟ್ಟುವುದರಲ್ಲಿ, ಪ್ರೇಮದಲ್ಲಿ ಕೂಡ ಗಣಿತಕ್ಕೆ ಕೆಲಸವುಂಟೆಂದು ಅವನು ಮೊದಲಿಗೇ ಸಾರುತ್ತಾನೆ, ಆಮೇಲೆ ಅದನ್ನು ಉದಾಹರಣೆಗಳಿಂದ ನಿಲ್ಲಿಸಿ ತೋರಿಸುತ್ತಾನೆ. ಪ್ರಣಯಕಲಹದಲ್ಲಿ ಹರಿದ ಹಾರದ ಮುತ್ತುಗಳನ್ನು ಎಣಿಸಬೇಕು. ದಾರಿಯಲ್ಲಿ ಸಿಕ್ಕಿದ ಹಣದ ಚೀಲವನ್ನು ಕಂಡು ಲೆಕ್ಕ ಹಾಕುವ ವರ್ತಕರ ಕೈಯಲ್ಲಿದ್ದುದು ಎಷ್ಟೆಂದು ಹೇಳಬೇಕು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ೧೨೩೪೫೬೫೪೩೨೧ರಂಥ ಸಂಖ್ಯೆಗಳನ್ನು ಕಂಡರೆ ಅವನಿಗೆ ಮಗುವಿನ ಸಂತೋಷ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವನೂ ಅವನೇ. ತಪ್ಪನ್ನೂ ಮಾಡಿದ್ದಾನೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದನು. ಅದು ಸರಿಯಲ್ಲ. ನಾನು ತರಗತಿಯಲ್ಲಿ ಈ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದೆನು. ಹುಡುಗರಿಗೆ ಆಚಾರ್ಯನ ಮೇಲೆ ಆ ದಿನದಿಂದ ಪ್ರೀತಿ ಹೆಚ್ಚುತ್ತಿತ್ತು.

ಬಾಜಿಯ ಲೆಕ್ಕಕ್ಕೆ ಬೇಕಾದ ಇನ್ನೊಂದು ಸಾಧನವನ್ನೂ ಅವನು ಕೊಟ್ಟಿದ್ದಾನೆ. ಕಹಿ, ಹುಳಿ, ಖಾರ, ಉಪ್ಪು, ಒಗರು, ಸಿಹಿ ಎಂಬ ಆರು ರಸಗಳಲ್ಲಿ ಒಂದನ್ನು, ಎರಡನ್ನು, ಮೂರನ್ನು ಕೂಡಿಸುವ ಬಗೆಗಳು ಎಷ್ಟು? ಮೂರನ್ನು ಆರಿಸುವುದಾದರೆ ಆರು, ಐದು, ನಾಲ್ಕರ ಗುಣಲಬ್ಧವನ್ನು ಒಂದು, ಎರಡು, ಮೂರರ ಗುಣಲಬ್ಧದಿಂದ ಭಾಗಿಸಬೇಕು: ೨೦ ಬರುತ್ತದೆ. ಎಲ್ಲ ಬಗೆಗಳನ್ನೂ ಸೇರಿಸಿದರೆ ೬೩. ಎಷ್ಟು ವಸ್ತುಗಳಿದ್ದರೂ ಸಲ್ಲುವ ಈ ಸೂತ್ರವನ್ನು ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದಲ್ಲಿಯೇ ಬರೆದಿಟ್ಟನು. ಭಂಗ, ವಿಕಲ್ಪಗಳನ್ನು ಎಣಿಸುವುದು ಜೈನರಲ್ಲಿ ಹಳೆಯ ವಿದ್ಯೆ. ೧೬೫೪ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಪಂಡಿತರು, ಅರ್ಧಕ್ಕೆ ನಿಂತುಹೋದ ಜೂಜಿನ ಪಣವನ್ನು ಆಟಗಾರರಿಗೆ ಹೇಗೆ ಹಂಚಬೇಕೆಂದು ಕಾಗದ ಬರೆದುಕೊಂಡಾಗ ಇಂಥ ಎಣಿಕೆಯೇ ಅವರ ನೆರವಿಗೆ ಬಂತು. ಸಂಭಾವ್ಯತೆಯ ಶಾಸ್ತ್ರ ಅಲ್ಲಿಂದ ಬೆಳೆಯಿತು. ಆ ಶಾಸ್ತ್ರ ನಮ್ಮ ಆಚಾರ್ಯನಲ್ಲಿ ಇತ್ತೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತೆನ್ನುವ ಚಟ ಜೂಜಿಗಿಂತ ಒಳ್ಳೆಯದೇನಲ್ಲ. ಕೋಳಿಯ ಕಾಳಗದ ಲೆಕ್ಕದಲ್ಲಿ ಅವನು ಮಾಡಿದ್ದು ಬೇರೆಯ ಕೆಲಸ. ಯಾವ ಹುಂಜ ಗೆಲ್ಲುವುದೆಂಬ ಪ್ರಶ್ನೆಯನ್ನೇ ಅವನು ಎತ್ತುವುದಿಲ್ಲ.

ಆರನೆಯ ಅಧ್ಯಾಯವಾದ ಮಿಶ್ರಕವ್ಯವಹಾರದಲ್ಲಿ ಬರುವ ಆ ಪ್ರಸಂಗವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮಂತ್ರವನ್ನೂ ಮದ್ದನ್ನೂ ಬಲ್ಲ ಮಹಾಪುರುಷನೊಬ್ಬನು ಕೋಳಿಗಳ ಅಂಕವನ್ನು ಕಂಡನು. (ಅಂಕವೆಂದರೆ ಕಾಳಗವೂ ಹೌದು, ಸಂಖ್ಯೆಯೂ ಹೌದು, ಈ ಸ್ಥಳದಲ್ಲಿ ನಮ್ಮ ಭಾಷೆ ತಾನಾಗಿ ನಗುತ್ತಿದೆ.) ಅವನು ಮೊದಲನೆಯ ಹುಂಜದ ಒಡೆಯನನ್ನು ಗುಟ್ಟಾಗಿ ಕರೆದು ಒಪ್ಪಂದ ಮಾಡಿಕೊಂಡನು: ಹುಂಜ ಗೆದ್ದರೆ ಒಡೆಯನು ತನ್ನ ಪಣದಷ್ಟು ಹಣವನ್ನು ಇವನಿಗೆ ಕೊಡತಕ್ಕದ್ದು, ಸೋತರೆ ಇವನು ಆ ಪಣದ ಮೂರರಲ್ಲೆರಡು ಪಾಲನ್ನು ಅವನಿಗೆ ಕೊಡುವನು. ಬಳಿಕ ಎರಡನೆಯವನನ್ನು ಕರೆದು ಅದೇ ಮಾತನ್ನಾಡಿದನು. ಅವನಿಗೆ ಮಾತ್ರ ಸೋತರೆ ಮುಕ್ಕಾಲು ಪಾಲು. ಯಾರು ಗೆದ್ದರೂ ಇವನಿಗೆ ಉಳಿಯುವುದು ಹನ್ನೆರಡು ಹೊನ್ನು. ಹಾಗಾದರೆ ಇಬ್ಬರ ಪಣಗಳು ಎಷ್ಟೆಷ್ಟು?

ನನ್ನ ಶಿಷ್ಯನ ಕೈಗೆ ಸ್ಲೇಟು ಕೊಟ್ಟೆನು. ಅವನು ತರಗತಿಯಲ್ಲಿ ಚುರುಕಾಗಿದ್ದವನು, ತಡಮಾಡಲಿಲ್ಲ. ಮೊದಲನೆಯ ಪಣವು ಎರಡನೆಯದರ ಮುಕ್ಕಾಲಿಗಿಂತ ೧೨ ಹೆಚ್ಚು. ಎರಡನೆಯದು ಮೊದಲನೆಯದರ ಮೂರರಲ್ಲೆರಡಕ್ಕಿಂತ ೧೨ ಹೆಚ್ಚು. ಮೊದಲನೆಯದರ ಮೂರರಲ್ಲೆರಡೆಂದರೆ ಎರಡನೆಯದರ ಅರ್ಧ ಮತ್ತು ೮. ಆದ್ದರಿಂದ ಎರಡನೆಯದು ತನ್ನ ಅರ್ಧಕ್ಕಿಂತ ೨೦ ಹೆಚ್ಚು, ಅಂದರೆ ೪೦. ಮೊದಲನೆಯದು ೪೨. ತಾಳೆ ನೋಡಿದನು. ಮೊದಲ ಹುಂಜ ಗೆದ್ದರೆ ೪೨ ಬಂದು ೩೦ ಹೋಗುತ್ತದೆ. ಎರಡನೆಯದು ಗೆದ್ದರೆ ೪೦ ಬಂದು ೨೮ ಹೋಗುತ್ತದೆ. ಎರಡು ಸಲವೂ ೧೨.

ಅಲ್ಲಿಗೆ ಪುಸ್ತಕದ ಲೆಕ್ಕ ಮುಗಿಯಿತು. ನಾನು ಇನ್ನೊಂದು ಮೆಟ್ಟಲು ಮುಂದೆ ಹೋಗಲು ಹೇಳಿದೆನು. ಪಣವೆಂದರೆ ಸೋತವನು ಗೆದ್ದವನಿಗೆ ತೆರುವ ಹಣವೆಂದು ಇಟ್ಟುಕೊಂಡು, ಒಡೆಯರ ಕೈಯಲ್ಲಿ ಏನು ಉಳಿಯಿತೆಂಬುದನ್ನು ನೋಡಬೇಕು. ಮೊದಲನೆಯವನು ಗೆದ್ದನೆನ್ನಿ: ಎದುರಾಳಿಯಿಂದ ೪೦ ಬಂತು, ಮಹಾಪುರುಷನಿಗೆ ೪೨ ಹೋಯಿತು. ಗೆದ್ದವನಿಗೆ ೨ ಹೊನ್ನು ನಷ್ಟ! ಸೋತ ಎರಡನೆಯವನಿಗೆ ೪೦ ಹೋಗಿ ೩೦ ಬಂತು, ೧೦ ನಷ್ಟ. ಎರಡನೆಯವನು ಗೆದ್ದನೆನ್ನಿ: ಅವನಿಗೆ ೪೨ ಬಂದು ೪೦ ಹೋಗಿ ೨ ಲಾಭ, ಸೋತ ಮೊದಲನೆಯವನಿಗೆ ೪೨ ಹೋಗಿ ೨೮ ಬಂದು ೧೪ ನಷ್ಟ. ಕಾಳಗದಲ್ಲಿ ಯಾವ ಹುಂಜ ಬಿದ್ದರೂ ಇಬ್ಬರ ಮನೆಯಿಂದ ಒಟ್ಟು ೧೨ ಹೊನ್ನು ಹೊರಟುಹೋಗುತ್ತದೆ. ಇವನು ಒಂದು ಹುಂಜವನ್ನೂ ಸಾಕಲಿಲ್ಲ. ಹುಡುಗನು ಬಹಳ ಹೊತ್ತು ಸ್ಲೇಟನ್ನೇ ನೋಡುತ್ತ ಕುಳಿತನು.

ಮಹಾಪುರುಷನ ಕೀಲು ಇರುವುದು ಎರಡು ಭಿನ್ನರಾಶಿಗಳಲ್ಲಿ. ಮೂರರಲ್ಲೆರಡನ್ನು ಮುಕ್ಕಾಲಿನಿಂದ ಗುಣಿಸಿದರೆ ಅರ್ಧ. ಆ ಗುಣಲಬ್ಧವು ಒಂದಕ್ಕಿಂತ ಕಡಮೆಯಾಗಿರುವತನಕ, ಪಣಗಳನ್ನು ಹದವರಿತು ಹೊಂದಿಸಿಕೊಂಡರೆ ಅವನಿಗೆ ನಷ್ಟವೆಂಬುದೇ ಇಲ್ಲ. ಗುಣಲಬ್ಧ ಒಂದಾದರೆ ಲಾಭ ಸೊನ್ನೆ. ಇಂದಿನ ಬಾಜಿಯ ಭಾಷೆಗೆ ಇದನ್ನು ತಿರುಗಿಸಬಹುದು. ಮೊದಲನೆಯ ಒಡೆಯನು ೨೮ರ ಆಸೆಗಾಗಿ ೪೨ನ್ನು ಒಡ್ಡಿದ್ದಾನೆ. ಎಂದರೆ ತನ್ನ ಹುಂಜ ಸೋಲುವ ಸಂಭವವನ್ನು ೭೦ರಲ್ಲಿ ೪೨ರಷ್ಟು, ಶೇಕಡ ೬೦ ಎಂಬ ಬೆಲೆಗೆ ಕೊಂಡಿದ್ದಾನೆ. ಎರಡನೆಯವನು ೩೦ಕ್ಕಾಗಿ ೪೦ನ್ನು ಒಡ್ಡಿ, ತನ್ನ ಹುಂಜದ ಸೋಲನ್ನು ಶೇಕಡ ೫೭ಕ್ಕೆ ಕೊಂಡಿದ್ದಾನೆ. ಎರಡರಲ್ಲಿ ಒಂದು ಸೋಲಲೇಬೇಕು, ಒಂದೇ ಸೋಲಬೇಕು. ಸಂಭವಗಳ ಮೊತ್ತ ನೂರನ್ನು ಮೀರುವಂತಿಲ್ಲ. ಇಲ್ಲಿ ಮೊತ್ತ ೧೧೭. ಹೆಚ್ಚಿನ ೧೭ರಲ್ಲಿ ಮಹಾಪುರುಷನು ಊಟ ಮಾಡುತ್ತಾನೆ.

ನಮ್ಮ ಹುಡುಗನು ಸಿಕ್ಕಿಬಿದ್ದ ಬಲೆಯೂ ಇದೇ. ಸಮಬಲದ ಎರಡು ತಂಡಗಳು ಆಡುವಾಗ ಯಾವ ಕಡೆಗೆ ಕಟ್ಟಿದರೂ ರೂಪಾಯಿಗೆ ೯೦ ಪೈಸೆ ಎಂದು ಬುಕ್ಕಿ ದರ ಹೇಳುತ್ತಾನೆನ್ನಿ. ಒಬ್ಬನು ಈ ಕಡೆಗೆ ನೂರು, ಇನ್ನೊಬ್ಬನು ಆ ಕಡೆಗೆ ನೂರು ಕಟ್ಟುತ್ತಾರೆ. ಬುಕ್ಕಿ ಸೋತವನಿಂದ ನೂರು ಪಡೆದು, ಗೆದ್ದವನಿಗೆ ತೊಂಬತ್ತು ಕೊಟ್ಟು, ಹತ್ತನ್ನು ಜೇಬಿಗೆ ಹಾಕುತ್ತಾನೆ. ಕಟ್ಟಿದವನಿಗೆ ಸರಾಸರಿ ನೂರಕ್ಕೆ ಐದು ನಷ್ಟ. ಇಪ್ಪತ್ತು ಸಲ ಕಟ್ಟಿದರೆ ಒಂದು ಸಲದ ಪಣವೇ ಕರಗುತ್ತದೆ. ಆಟದ ಜ್ಞಾನದಿಂದ ಇದನ್ನು ಮೀರಬೇಕಾದರೆ ನೂರಕ್ಕೆ ಐವತ್ತಮೂರು ಸಲವಾದರೂ ಸರಿಯಾಗಿ ಊಹಿಸಬೇಕು, ಅದೂ ಎಡೆಬಿಡದೆ. ದರ ಎಂಬುದು ತಂಡದ ಬಲವನ್ನು ಮಾತ್ರ ಹೇಳುವ ಸಂಖ್ಯೆಯಲ್ಲ. ಹೇಳುವವನ ಕೂಲಿಯೂ ಅದರೊಳಗೆ ಕಲಸಿಹೋಗಿದೆ. ಮಿಶ್ರಕವೆಂಬ ಹೆಸರು ಅದಕ್ಕೆ ಸರಿಯಾಗಿಯೇ ಒಪ್ಪುತ್ತದೆ.

ಇಷ್ಟನ್ನು ತಿಳಿದುಕೊಂಡ ಮೇಲೆ ಹುಡುಗನು ಕೇಳಿದ ಪ್ರಶ್ನೆಯಿಂದ ನಾನು ಬೆಚ್ಚಿದೆನು. ಹಾಗಾದರೆ ತಾನೇ ಆ ಮಹಾಪುರುಷನ ಸ್ಥಾನದಲ್ಲಿ ಕುಳಿತರೆ ಆಗದೆ, ಮೇಷ್ಟ್ರೆ, ಎಂದನು.

ಗಣಿತ ಆ ಪ್ರಶ್ನೆಗೆ ಅಡ್ಡಿ ಹೇಳುವುದಿಲ್ಲ. ಆಚಾರ್ಯನ ಪದ್ಯವೂ ಹೇಳುವುದಿಲ್ಲ. ಅವನು ಆ ಮೋಸಗಾರನನ್ನು ಮಹಾಪುರುಷನೆಂದೇ ಕರೆದಿದ್ದಾನೆ. ಜೈನರು ಎಣಿಸುವ ಏಳು ವ್ಯಸನಗಳಲ್ಲಿ ದ್ಯೂತವೇ ಮೊದಲನೆಯದು. ಅಹಿಂಸೆಯನ್ನು ಪರಮವೆಂದು ನಂಬಿದ ಮತದವನು ಕೋಳಿಯ ಅಂಕವನ್ನು ಏಕೆ ಉದಾಹರಣೆಯಾಗಿ ತೆಗೆದುಕೊಂಡನು? ನನಗೆ ತೋರುವುದು ಹೀಗೆ. ಕಾಳಗ ನಿಲ್ಲಬೇಕೆಂದು ಬೋಧಿಸುವವರು ಬಸದಿಯಲ್ಲಿ ಬಹಳ ಮಂದಿ ಇದ್ದರು. ಕಾಳಗದ ಹೊರಗೆ ನಿಂತು ಇಬ್ಬರ ಕಿವಿಯಲ್ಲಿ ಬೇರೆಬೇರೆಯಾಗಿ ಪಿಸುಗುಟ್ಟುವವನನ್ನು ಕಂಡುಹಿಡಿಯಲು ಗಣಿತಜ್ಞನೇ ಬೇಕಾಯಿತು. ಮಹಾಪುರುಷನೆಂಬ ಮಾತಿನಲ್ಲಿ ಸಣ್ಣ ನಗೆಯಿದೆಯೆಂದು ನಾನು ನಂಬುತ್ತೇನೆ, ಬೇರೆಯವರು ಒಪ್ಪದಿರಬಹುದು. ನಳನಿಗೆ ಋತುಪರ್ಣನು ತಾರೆಯ ಮರದ ಎಲೆಕಾಯಿಗಳನ್ನು ಎಣಿಸಿ ತೋರಿಸಿ ಅಕ್ಷಹೃದಯವನ್ನು ಉಪದೇಶಿಸಿದ ಕಥೆಯಲ್ಲಿ, ಎಣಿಕೆ ಬಲ್ಲವನಿಗೆ ಪಗಡೆ ಒಲಿಯುತ್ತದೆ. ಆಚಾರ್ಯನ ಕಥೆಯಲ್ಲಿ ಎಣಿಕೆ ಬಲ್ಲವನು ಆಡುವುದೇ ಇಲ್ಲ.

ಪದ್ಯದಲ್ಲಿ ಗುಟ್ಟಾಗಿ ಎಂಬ ಮಾತು ಸುಮ್ಮನೆ ಬಂದದ್ದಲ್ಲವೆಂದು ಹುಡುಗನಿಗೆ ತೋರಿಸಿದೆನು. ಇಬ್ಬರು ಒಡೆಯರು ಹರಟೆಕಟ್ಟೆಯಲ್ಲಿ ಒಂದು ಗಳಿಗೆ ಕುಳಿತು ತಮ್ಮ ತಮ್ಮ ಒಪ್ಪಂದಗಳನ್ನು ಹೇಳಿಕೊಂಡಿದ್ದರೆ ಹನ್ನೆರಡು ಹೊನ್ನೂ ಹಾರಿಹೋಗುತ್ತಿತ್ತು. ೧೯೨೬ರಲ್ಲಿ ಕೇಂಬ್ರಿಜ್ಜಿನ ಫ್ರಾಂಕ್ ರ‍್ಯಾಮ್ಸೆ ಎಂಬ ತರುಣ ಪಂಡಿತನು, ಮನುಷ್ಯನ ನಂಬಿಕೆಗಳು ಒಂದಕ್ಕೊಂದು ಹೊಂದದಿದ್ದರೆ ಚತುರನೊಬ್ಬನು ಅವನೊಡನೆ ಬಾಜಿಗಳನ್ನು ಹೆಣೆದು ಏನಾದರೂ ಗೆಲ್ಲುವಂತೆ ಮಾಡಿಕೊಳ್ಳಬಲ್ಲನೆಂದು ಬರೆದನು. ಇಟಲಿಯ ದೆ ಫಿನೆಟ್ಟಿ ೧೯೩೭ರಲ್ಲಿ ಅದನ್ನು ವಿಸ್ತರಿಸಿದನು. ವಿದ್ವಾಂಸರು ಅಂಥ ಜೋಡಣೆಗೆ ಡಚ್ ಬುಕ್ ಎಂದು ಹೆಸರಿಟ್ಟಿದ್ದಾರೆ. ಇಬ್ಬರ ನಂಬಿಕೆಗಳು ಹೊಂದದಿದ್ದಾಗಲೂ ಅದು ಸಾಧ್ಯ. ಆಚಾರ್ಯನ ಇಬ್ಬರು ಒಡೆಯರು ಅದಕ್ಕೆ ನಿದರ್ಶನ. ಈಗ ಗುಟ್ಟನ್ನು ಕಾಯಲು ಯಾರೂ ಪಿಸುಗುಟ್ಟಬೇಕಾಗಿಲ್ಲ. ಒಬ್ಬೊಬ್ಬನೂ ತನ್ನ ಕೈಯ ಫೋನನ್ನು ನೋಡುತ್ತ ಒಂಟಿಯಾಗಿ ಕುಳಿತಿದ್ದರೆ ಸಾಕು. ಎದುರಿಗೆ ಕಟ್ಟಿದವನು ಪಕ್ಕದ ಊರಿನವನೇ ಆಗಿರಬಹುದು, ಅವನ ಮನೆಯ ಬೆಲ್ಲವೂ ಅದೇ ಮಂಡಿಯಲ್ಲಿ ತೂಗಿರಬಹುದು. ಹುಡುಗನಿಗೆ ಅಂಥ ಇಬ್ಬರು ಗೊತ್ತಿದ್ದರು. ಅವನು ಮತ್ತೆ ಆ ಪ್ರಶ್ನೆಯನ್ನು ಕೇಳಲಿಲ್ಲ.

ಆಚಾರ್ಯನ ಮುಂದಿನ ಕಥೆ ಗ್ರಂಥದ ಕಥೆಯೇ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ರಾಜಾದಿತ್ಯನು ಕನ್ನಡದಲ್ಲಿಯೇ ವ್ಯವಹಾರಗಣಿತವನ್ನು ಬರೆದನು. ಬಳಿಕ ತಾಳೆಗರಿಯ ಕಟ್ಟುಗಳಲ್ಲಿ ಮಲಗಿದ್ದ ಗ್ರಂಥವನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಶೋಧಿಸಿದರು. ಅವರಿಗೆ ಆಧಾರವಾದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ೧೯೦೮ರಲ್ಲಿ ರೋಮ್ ನಗರದ ಗಣಿತಜ್ಞರ ಸಮ್ಮೇಳನದಲ್ಲಿ ಇದರ ಸುದ್ದಿಯನ್ನು ಹೇಳಿದನು. ೧೯೧೨ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ೨೦೦೦ದಲ್ಲಿ ಹೊರಬಂದಿತು. ಕನ್ನಡ ನಾಡಿನ ಅರಸನ ಏಳಿಗೆಯನ್ನು ಹಾರೈಸಿದವನ ಮಾತು ಕನ್ನಡದಲ್ಲಿ ದೊರೆಯಲು ಇಷ್ಟು ಕಾಲ ಹಿಡಿಯಿತು.

ಎರಡು ವಾರ ಕಳೆದ ಮೇಲೆ ಹುಡುಗನು ತಂದೆಯನ್ನು ಕರೆದುಕೊಂಡು ಬಂದನು. ವಿಷಯವನ್ನು ಹೇಳಿ ಆಗಿತ್ತೆಂದು ಇಬ್ಬರ ಮುಖದಿಂದಲೇ ತಿಳಿಯಿತು. ಬೆಲ್ಲದ ಹಣ ಹೋದುದಲ್ಲದೆ ಕೈಸಾಲವೂ ಆಗಿದ್ದಿತು. ಮಿಶ್ರಕವ್ಯವಹಾರದಲ್ಲಿ ಅಸಲೂ ಬಡ್ಡಿಯೂ ಕಲೆತುಹೋದಾಗ ಬಿಡಿಸುವ ಲೆಕ್ಕಗಳು ಹೇರಳವಾಗಿವೆ. ಮೂವರೂ ಜಗಲಿಯಲ್ಲಿ ಕುಳಿತು ಅದೇ ಕ್ರಮದಲ್ಲಿ ಸಾಲವನ್ನು ಬಿಡಿಸಿದೆವು. ಮೂರು ಬೆಳೆ ಬೇಕೆಂದು ಬಂತು. ತಂದೆ ಬೆರಳು ಮಡಿಚಿ ಎಣಿಸಿ, ಬದುವಿನ ತೆಂಗನ್ನೂ ಸೇರಿಸಿಕೊಂಡರೆ ಎರಡೂವರೆ ಎಂದನು. ಮಗನು ಸ್ಲೇಟಿನಲ್ಲಿ ತಿದ್ದಿಕೊಂಡನು.

ಹೊರಡುವ ಮುನ್ನ, ಮಗನು ಮನೆಯಲ್ಲಿ ಹೇಳಿದ್ದ ಹುಂಜದ ಕಥೆಯನ್ನು ಆ ಮುದುಕನು ನನ್ನ ಬಾಯಿಂದ ಇನ್ನೊಮ್ಮೆ ಕೇಳಿದನು. ಪ್ರಾಯದಲ್ಲಿ ಜಾತ್ರೆಯ ಮರೆಯಲ್ಲಿ ಹುಂಜ ಬಿಟ್ಟವನೇ; ೧೯೬೦ರ ಕಾಯಿದೆ ಅಂಥ ಕಾಳಗವನ್ನು ಅಪರಾಧವೆಂದು ಸಾರಿದ್ದರೂ ಊರುಗಳಲ್ಲಿ ಅದು ಒಮ್ಮೆಗೇ ನಿಂತಿರಲಿಲ್ಲ. ನಲವತ್ತೆರಡು, ನಲವತ್ತು, ಹನ್ನೆರಡು ಎಲ್ಲವನ್ನೂ ತಲೆದೂಗುತ್ತ ಕೇಳಿ, ಕೊನೆಗೆ ಅವನು ಕೇಳಿದ್ದು ಒಂದೇ ಮಾತು. ಸೋತ ಹುಂಜ ಯಾರ ಮನೆಗೆ ಹೋಯಿತು? ಆಚಾರ್ಯನು ಅದನ್ನು ಬರೆದಿಲ್ಲವೆಂದೆನು. ಬರೆಯಬೇಕಾಗಿತ್ತು ಎಂದು ಅವನು ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಮಗನನ್ನು ಎಬ್ಬಿಸಿದನು.